ಕೈಜೋಮು ಮತ್ತು ನರವೇಗದ ಪರೀಕ್ಷೆ

ನಡುರಾತ್ರಿಯಲ್ಲಿ ಕೈ ಜೋಮು ಹಿಡಿದು ಎಚ್ಚರಗೊಳ್ಳುವವರು ನಮ್ಮ ಮನೆಗಳಲ್ಲಿ, ಅದರಲ್ಲಿಯೂ ನಲವತ್ತು ದಾಟಿದ ಗೃಹಿಣಿಯರಲ್ಲಿ, ವಿರಳರಲ್ಲ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಇರುವೆ ಹರಿದಂತೆ ಜುಮುಜುಮು ಎನ್ನುವುದು. ಕೆಲವೊಮ್ಮೆ ಉರಿಯೂ ಸೂಜಿ ಚುಚ್ಚಿದಂತಹ ನೋವೂ ಉಂಟಾಗುವುದು. ಎದ್ದು ಕುಳಿತು, ಕೈಯನ್ನು ಇಳಿಬಿಟ್ಟು, ಒದ್ದೆಗೈಯ ನೀರನ್ನು ಕೊಡವುವಂತೆ ನಾಲ್ಕು ಸಲ ಕೊಡವಿದರೆ ಶಮನವಾಗುವುದು. ಬೆಳಗಾದ ಮೇಲೆ ಮನೆಗೆಲಸದ ಗಡಿಬಿಡಿಯಲ್ಲಿ ಅದರ ನೆನಪೇ ಇರುವುದಿಲ್ಲ. ಮರುರಾತ್ರಿ ಮತ್ತೆ ಅದೇ ಪಾಡು. ಮನೆಯ ಹಿರಿಯರು ವಾಯುವೆನ್ನುವರು. ನೆರೆಯವರು ರಕ್ತ ಕಡಮೆಯೆನ್ನುವರು. ಔಷಧದಂಗಡಿಯವನು ನರಗಳಿಗೆ ಶಕ್ತಿ ಬರಲೆಂದು ಜೀವಸತ್ತ್ವದ ಗುಳಿಗೆಗಳನ್ನು ಕೊಟ್ಟು ಕಳುಹಿಸುವನು. ಇಂತು ಒಂದೆರಡು ವರ್ಷಗಳು ಕಳೆದುಹೋಗುವುವು.

ಈ ಜೋಮಿನಲ್ಲಿ ಗೃಹಸ್ಥರು ಅರಿತಿರಲೇಬೇಕಾದ ಒಂದು ವಂಚನೆಯುಂಟು. ವರ್ಷಗಳ ಕಾಲ ಉಪೇಕ್ಷಿಸಲ್ಪಟ್ಟ ಕೈಯಲ್ಲಿ ಒಂದು ದಿನ ರಾತ್ರಿಯ ನೋವು ತಾನಾಗಿಯೇ ಕಡಮೆಯಾಗುತ್ತ ಬರುವುದು. "ಎಣ್ಣೆ ಹಚ್ಚಿದ್ದು ಗುಣಕೊಟ್ಟಿತು" ಎಂದು ಮನೆಯವರೆಲ್ಲರೂ ನೆಮ್ಮದಿಗೊಳ್ಳುವರು. ವಸ್ತುತಃ ಅಲ್ಲಿ ನಡೆದಿರುವುದು ಬೇರೆ. ನೋವನ್ನು ತಿಳಿಸುತ್ತಿದ್ದ ತಂತುಗಳೇ ಸೋತುಹೋಗಿ, ಬೆರಳುಗಳು ಹಗಲಿರುಳೂ ಮರಗಟ್ಟಿದಂತೆ ಇರಲಾರಂಭಿಸಿರುತ್ತವೆ. ಆ ಬಳಿಕ ಅಕ್ಕಿಯಲ್ಲಿನ ಕಲ್ಲು ಬೆರಳಿಗೆ ಸಿಕ್ಕದು, ರವಿಕೆಯ ಗುಂಡಿ ಹಾಕಲಾಗದು, ನೀರಿನ ಲೋಟ ಹಿಡಿದಿರುವಂತೆಯೇ ಜಾರಿಬೀಳುವುದು. ಹೆಬ್ಬೆರಳಿನ ಬುಡದಲ್ಲಿ ಅಂಗೈಯ ಮೇಲೆ ದಿಂಬಿನಂತೆ ಉಬ್ಬಿರುವ ಮಾಂಸಖಂಡವು ಕರಗಿ ಚಪ್ಪಟೆಯಾಗುವುದು. ಹೀಗೆ ಕರಗಿದ ಮಾಂಸವು ಶಸ್ತ್ರಚಿಕಿತ್ಸೆಯಾದ ಮೇಲೂ ಅನೇಕರಲ್ಲಿ ಪೂರ್ಣವಾಗಿ ಮರಳಿ ತುಂಬಿಕೊಳ್ಳುವುದಿಲ್ಲ. ಈ ಸ್ಥಿತಿಗೆ ಬರುವ ಮೊದಲೇ, ಕೈಯೊಳಗಿನ ನರದ ಯೋಗಕ್ಷೇಮವನ್ನು ಅಂಕಿಗಳಲ್ಲಿ ಅಳೆದು ಹೇಳಬಲ್ಲ ಪರೀಕ್ಷೆಯೊಂದಿರುವುದು. ವೈದ್ಯರು ಅದನ್ನು ನರ್ವ್ ಕಂಡಕ್ಷನ್ ಪರೀಕ್ಷೆ ಎನ್ನುವರು. ಕೈಗೆ ಕರೆಂಟು ಕೊಡುವರೆಂಬ ಮಾತನ್ನು ಕೇಳಿಯೇ ಹಿಂಜರಿಯುವವರು ಬಹಳ ಮಂದಿ ಇರುವುದರಿಂದ, ಅದರ ಸ್ವರೂಪವನ್ನು ತುಸು ವಿಸ್ತರಿಸಿಯೇ ಬರೆಯಬೇಕೆಂದು ನಾವು ನಿಶ್ಚಯಿಸಿದೆವು.

ಮೊದಲು ರೋಗದ ಸ್ಥಾನ. ನಾವು ಮಣಿಕಟ್ಟು ಎನ್ನುವುದು ಸಂಸ್ಕೃತದ ಮಣಿಬಂಧವೇ. ಮಣಿಗಳನ್ನು ಕಟ್ಟಿಕೊಳ್ಳುವ ಸ್ಥಳವಾದುದರಿಂದ ಆ ಹೆಸರು. ಇಲ್ಲಿ ಎಂಟು ಸಣ್ಣ ಎಲುಬುಗಳು ಎರಡು ಸಾಲಾಗಿ ಕೂಡಿಕೊಂಡು, ಅಂಗೈಯ ಕಡೆಗೆ ತೆರೆದ ಕಮಾನಿನಂತೆ ನಿಂತಿವೆ. ಆ ಕಮಾನಿನ ಎರಡು ತುದಿಗಳನ್ನು ಸೇರಿಸಿ ಅಡ್ಡಲಾಗಿ ಗಟ್ಟಿಯಾದ ಬಂಧನಿಯೊಂದು ಬಿಗಿದಿರುವುದರಿಂದ ನಡುವೆ ಒಂದು ಸುರಂಗವೇರ್ಪಟ್ಟಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಹುರಿಗಳೂ, ಅವುಗಳ ಮೇಲೆ ಬಂಧನಿಗೆ ಅಂಟಿದಂತೆ ಒಂದು ನರವೂ ಈ ಇಕ್ಕಟ್ಟಿನಲ್ಲಿ ಹಾದುಹೋಗಬೇಕು. ನರದ ಹೆಸರು ಮೀಡಿಯನ್. ಕೈಯ ನಡುವೆ ಇಳಿದುಬರುವುದರಿಂದ ಮಧ್ಯನರವೆಂದರೂ ಸಲ್ಲುವುದು. ಹುರಿಗಳ ಸುತ್ತಣ ಪೊರೆ ತುಸು ಊದಿಕೊಂಡರೂ ಸಾಕು, ಎಲುಬೂ ಬಂಧನಿಯೂ ಜರುಗಲಾರವಾದುದರಿಂದ ಒತ್ತಡವೆಲ್ಲವೂ ಮೆತ್ತಗಿರುವ ನರದ ಮೇಲೆ ಬೀಳುವುದು. ಇದಕ್ಕೆ ಕಾರ್ಪಲ್ ಟನೆಲ್ ಸಿಂಡ್ರೋಮ್ ಎಂದು ಹೆಸರು. ಮಣಿಕಟ್ಟಿನ ಸುರಂಗದ ಬೇನೆ ಎಂದರೆ ನಮಗೆ ಸಾಕು.

ರಾತ್ರಿಯಲ್ಲಿಯೇ ಏಕೆ ಹೆಚ್ಚು ಎಂಬ ಪ್ರಶ್ನೆಗೂ ಉತ್ತರವಿದೆ. ಅಮೆರಿಕದಲ್ಲಿ ಗೆಲ್ಬರ್ಮನ್ ಮತ್ತು ಸಂಗಡಿಗರು ೧೯೮೧ರಲ್ಲಿ ಸುರಂಗದೊಳಗೆ ಸಣ್ಣ ನಳಿಕೆಯನ್ನು ಹೊಗಿಸಿ ಒತ್ತಡವನ್ನು ಅಳೆದರು. ಮಣಿಕಟ್ಟು ನೇರವಾಗಿದ್ದಾಗ ಆರೋಗ್ಯವಂತರಲ್ಲಿ ಅದು ಪಾದರಸದ ೨.೫ ಮಿಲಿಮೀಟರಿನಷ್ಟಿದ್ದರೆ, ರೋಗಿಗಳಲ್ಲಿ ಸರಾಸರಿ ೩೨ ಇದ್ದಿತು. ರೋಗಿಗಳು ಮಣಿಕಟ್ಟನ್ನು ಮಡಿಸಿದಾಗ ತೊಂಬತ್ತನ್ನು ಮೀರಿತು. ನಿದ್ರೆಯಲ್ಲಿ ನಾವು ಕೈಯನ್ನು ಗದ್ದದ ಕೆಳಗೋ ದಿಂಬಿನ ಕೆಳಗೋ ಮಡಿಸಿಟ್ಟು ಗಂಟೆಗಟ್ಟಲೆ ಮಲಗುವೆವಷ್ಟೆ; ನರಕ್ಕೆ ಉಸಿರಾಡಲು ಎಡೆಯೆಲ್ಲಿ?

ಸುಶ್ರುತಾಚಾರ್ಯರು ನೂರೇಳು ಮರ್ಮಗಳನ್ನು ಹೇಳುವಾಗ ಮಣಿಬಂಧವನ್ನು ಎಂಟು ರುಜಾಕರ ಮರ್ಮಗಳಲ್ಲಿ, ಎಂದರೆ ಪೆಟ್ಟುಬಿದ್ದರೆ ವೇದನೆಯನ್ನುಂಟುಮಾಡುವವುಗಳಲ್ಲಿ, ಸೇರಿಸಿರುವರು. ಇದನ್ನು ಕಂಡು ಈ ಬೇನೆ ಅವರಿಗೆ ತಿಳಿದೇ ಇದ್ದಿತೆಂದು ಸಾಧಿಸಹೊರಡುವುದು ಪಾಂಡಿತ್ಯದ ಅತ್ಯಾಸೆಯಾದೀತು. ಅವರು ಹೇಳಿರುವುದು ಗಾಯದ ವಿಷಯ. ಆದರೆ ಮಾತಿನ ಗೊಂದಲವೊಂದನ್ನು ಇಲ್ಲಿಯೇ ಬಿಡಿಸುವುದು ಒಳ್ಳೆಯದು. ಕನ್ನಡದ ಆಡುಮಾತಿನಲ್ಲಿ ಮುಂಗೈಯ ಮೇಲೆ ಹಸುರಾಗಿ ಎದ್ದು ಕಾಣುವ ರಕ್ತನಾಳವೂ "ನರ"ವೇ, ಹಿಮ್ಮಡಿಯ ಹುರಿಯೂ "ನರ"ವೇ, ಉಳುಕಿದುದೂ "ನರ"ವೇ. ಆದುದರಿಂದಲೇ ನರಪರೀಕ್ಷೆಯೆಂದೊಡನೆ ಕೆಲವರು ರಕ್ತ ಹರಿಯುವುದನ್ನು ನೋಡುವರೆಂದೂ, ಕೆಲವರು ತಿಕ್ಕಿ ನೆಟ್ಟಗೆಮಾಡುವರೆಂದೂ ಭಾವಿಸುವರು. ಇಲ್ಲಿ ನರವೆಂದರೆ ಮಿದುಳು ಮತ್ತು ಬೆನ್ನುಹುರಿಗಳಿಂದ ಹೊರಟು ಅಂಗಾಂಗಗಳಿಗೆ ಆಜ್ಞೆಯನ್ನು ಒಯ್ಯುವ, ಅಲ್ಲಿಂದ ಸ್ಪರ್ಶಾದಿ ಸಂವೇದನೆಗಳನ್ನು ತರುವ, ಸಾವಿರಾರು ಸೂಕ್ಷ್ಮತಂತುಗಳ ಕಟ್ಟು.

ರೋಗದ ಪರಿಚಯವು ಪಾಶ್ಚಾತ್ಯ ವೈದ್ಯರಿಗೂ ಬಿಡಿಬಿಡಿಯಾಗಿಯೇ ದೊರೆಯಿತು. ಲಂಡನ್ನಿನ ಜೇಮ್ಸ್ ಪ್ಯಾಜೆಟ್ ೧೮೫೪ರಲ್ಲಿ, ಮಣಿಕಟ್ಟಿನ ಬಳಿ ಎಲುಬು ಮುರಿದ ಬಳಿಕ ಈ ನರ ಒತ್ತಿಹೋದುದನ್ನು ವರ್ಣಿಸಿದನು. ಬಾಸ್ಟನ್ನಿನ ಪಟ್ನಮ್ ೧೮೮೦ರಲ್ಲಿ ರಾತ್ರಿಯ ಜೋಮಿನಿಂದ ನರಳುತ್ತಿದ್ದ ೩೭ ಮಂದಿಯ ವೃತ್ತಾಂತವನ್ನು ಬರೆದಿಟ್ಟನು. ಅವರಲ್ಲಿ ಬಹುಪಾಲು ಹೆಂಗಸರು. ೧೯೧೩ರಲ್ಲಿ ಪ್ಯಾರಿಸ್ಸಿನ ಪಿಯರ್ ಮಾರೀ ಮತ್ತು ಫೊಯಿಕ್ಸ್ ಎಂಬವರು, ಮೃತಳಾದ ಒಬ್ಬ ವೃದ್ಧೆಯ ಕೈಯನ್ನು ಬಿಡಿಸಿ ನೋಡಿ, ಬಂಧನಿಯ ಮೇಲ್ಭಾಗದಲ್ಲಿ ನರವು ಗಂಟಿನಂತೆ ಊದಿಕೊಂಡಿದ್ದುದನ್ನೂ ಅದರಡಿಯಲ್ಲಿ ಸಣಕಲಾಗಿದ್ದುದನ್ನೂ ಕಂಡು, ಮೊದಲೇ ಬಂಧನಿಯನ್ನು ಕತ್ತರಿಸಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ಸೂಚಿಸಿದರು. ಮೇಯೊ ಕ್ಲಿನಿಕ್ಕಿನ ಲೀರ್ಮಂತ್ ೧೯೩೩ರಲ್ಲಿ ಅಂತಹ ಶಸ್ತ್ರಚಿಕಿತ್ಸೆಯನ್ನು ವರದಿಮಾಡಿದನು. ಕ್ಲೀವ್ಲೆಂಡಿನ ಜಾರ್ಜ್ ಫೇಲನ್ ೧೯೫೦ರಿಂದ ಮೊದಲ್ಗೊಂಡು ಎಡೆಬಿಡದೆ ಬರೆದು, ೧೯೬೬ರಲ್ಲಿ ೬೫೪ ಕೈಗಳ ಅನುಭವವನ್ನು ಪ್ರಕಟಿಸಿದ ಮೇಲೆ ಈ ಬೇನೆ ಸಾಮಾನ್ಯ ವೈದ್ಯರಿಗೂ ಚಿರಪರಿಚಿತವಾಯಿತು. ಮಣಿಕಟ್ಟನ್ನು ಒಂದು ನಿಮಿಷ ಮಡಿಸಿಟ್ಟು ಜೋಮು ಬರುವುದೇ ಎಂದು ನೋಡುವ ಕ್ರಮಕ್ಕೆ ಇಂದಿಗೂ ಆತನ ಹೆಸರೇ ಇದೆ.

ನರದ ವೇಗವನ್ನು ಅಳೆದ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶರೀರಶಾಸ್ತ್ರದ ಮಹಾಗುರುವೆನಿಸಿದ್ದ ಜರ್ಮನಿಯ ಯೋಹಾನ್ನೆಸ್ ಮ್ಯೂಲ್ಲರ್, ನರದಲ್ಲಿ ಸಂಚರಿಸುವ ಸಂದೇಶದ ವೇಗವನ್ನು ಮನುಷ್ಯನು ಎಂದಿಗೂ ಅಳೆಯಲಾರನೆಂದು ನಂಬಿದ್ದನು. ಅವನ ಶಿಷ್ಯನೇ ಆದ ಹೆಲ್ಮ್‌ಹೋಲ್ಟ್ಸ್, ಕೋನಿಗ್ಸ್‌ಬರ್ಗಿನಲ್ಲಿ ೧೮೫೦ರ ಹೊತ್ತಿಗೆ ಅದನ್ನು ಒಂದು ಕಪ್ಪೆಯ ಕಾಲಿನಲ್ಲಿ ಅಳೆದುಬಿಟ್ಟನು! ಅವನ ಉಪಾಯ ಬಹು ಸರಳ. ಕಾಲಿನ ಮಾಂಸಖಂಡಕ್ಕೆ ಹೋಗುವ ನರವನ್ನು ಒಮ್ಮೆ ಸಮೀಪದಲ್ಲಿಯೂ ಮತ್ತೊಮ್ಮೆ ದೂರದಲ್ಲಿಯೂ ವಿದ್ಯುತ್ತಿನಿಂದ ಪ್ರಚೋದಿಸುವುದು. ಎರಡು ಸಲವೂ ಮಾಂಸ ಮಿಡುಕಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು. ಹೆಚ್ಚು ಹಿಡಿದ ಹೊತ್ತು ನಡುವಣ ಆ ಅಂತರವನ್ನು ದಾಟಲು ಆದ ಹೊತ್ತು. ಬಂದ ಉತ್ತರವು ಸೆಕೆಂಡಿಗೆ ಇಪ್ಪತ್ತೈದರಿಂದ ನಲವತ್ತು ಮೀಟರಿನೊಳಗೆ. ಬೆಳಕಿನ ವೇಗವನ್ನು ನಿರೀಕ್ಷಿಸಿದ್ದವರಿಗೆ ಇದು ಆಮೆಯ ನಡಿಗೆಯಂತೆ ಕಂಡಿತು. ಹೆಲ್ಮ್‌ಹೋಲ್ಟ್ಸನ ತಂದೆ ಪಾಟ್ಸ್‌ಡಾಮಿನಲ್ಲಿ ಉಪಾಧ್ಯಾಯರಾಗಿದ್ದವರು. ಸಂಕಲ್ಪಕ್ಕೂ ಕೈಕಾಲಿನ ಚಲನೆಗೂ ನಡುವೆ ಕಾಲವ್ಯವಧಾನವುಂಟೆಂಬುದನ್ನು ಒಪ್ಪಿಕೊಳ್ಳಲು ಅವರಿಗೆ ಬಹಳ ಕಷ್ಟವಾಯಿತು. ಉಪಾಧ್ಯಾಯರ ಸ್ವಭಾವವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಇಂದು ಆಸ್ಪತ್ರೆಯಲ್ಲಿ ನಡೆಯುವ ಪರೀಕ್ಷೆಯೂ ಈ ವ್ಯವಕಲನವೇ. ಕಪ್ಪೆಯಿಂದ ರೋಗಿಯ ಕೈಗೆ ಬರಲು ನೂರು ವರ್ಷ ಹಿಡಿಯಿತು. ೧೯೪೮ರಲ್ಲಿ ಹೋಡ್ಸ್, ಲ್ಯಾರಬಿ ಮತ್ತು ಜರ್ಮನ್ ಎಂಬವರು ರೋಗಿಗಳ ಚಾಲಕನರಗಳ ವೇಗವನ್ನು ಅಳೆದರು. ೧೯೪೯ರಲ್ಲಿ ಡಾಸನ್ ಮತ್ತು ಸ್ಕಾಟ್ ಚರ್ಮದ ಮೇಲಿನಿಂದಲೇ ನರದ ವಿದ್ಯುತ್ತರಂಗವನ್ನು ದಾಖಲಿಸಿದರು. ೧೯೫೬ರಲ್ಲಿ ಬ್ರಿಟನ್ನಿನ ಸಿಂಪ್ಸನ್, ಮಣಿಕಟ್ಟಿನ ಸುರಂಗದ ಬೇನೆಯಲ್ಲಿ ಮಣಿಕಟ್ಟಿನಿಂದ ಹೆಬ್ಬೆರಳಿನ ಮಾಂಸಕ್ಕೆ ಹೋಗುವ ಸಂದೇಶ ತಡವಾಗುವುದೆಂಬುದನ್ನು ತೋರಿಸಿಕೊಟ್ಟನು.

ಕಳೆದ ಚಳಿಗಾಲದಲ್ಲಿ ನಮ್ಮ ಅತ್ತಿಗೆಯವರನ್ನು ಈ ಪರೀಕ್ಷೆಗೆ ಕರೆದೊಯ್ದಿದ್ದೆವು. ಅವರಿಗೆ ವಿದ್ಯುತ್ತಿನ ಭಯಕ್ಕಿಂತ ಬಳೆಗಳ ಚಿಂತೆ ಹೆಚ್ಚಾಗಿದ್ದಿತು. "ಬಳೆ ತೆಗೆಯಲೇಬೇಕೇನಪ್ಪಾ?" ಎಂದು ಅಲ್ಲಿನ ಹುಡುಗನನ್ನು ಕೇಳಿದರು. "ಗಾಜಿನದು ಇರಲಿ ಅಮ್ಮಾ, ಮೇಲಕ್ಕೆ ಸರಿಸಿಕೊಳ್ಳಿ, ಚಿನ್ನದ ಬಳೆ, ಉಂಗುರ ಮಾತ್ರ ತೆಗೆದು ಯಜಮಾನರ ಕೈಲಿ ಕೊಡಿ" ಎಂದನು. ಆತನು ಅಂಗೈಯನ್ನು ಒರೆಸಿ, ಹೆಬ್ಬೆರಳಿನ ಬುಡದ ಮಾಂಸದ ಮೇಲೆ ಚಿಕ್ಕ ಬಿಲ್ಲೆಯೊಂದನ್ನು ಅಂಟಿಸಿದನು. ಎರಡು ಮೊನೆಗಳ ಹಿಡಿಯೊಂದನ್ನು ಮಣಿಕಟ್ಟಿಗೆ ಒತ್ತಿ ಗುಂಡಿಯನ್ನು ಅದುಮಿದನು. ಹೆಬ್ಬೆರಳು ತಾನಾಗಿಯೇ ಚಿಮ್ಮಿತು. ಯಂತ್ರದ ತೆರೆಯ ಮೇಲೆ ಗುಡ್ಡದಂತಹ ಗೆರೆಯೊಂದು ಮೂಡಿತು. ಒಂದೊಂದು ಪ್ರಚೋದನೆಯೂ ಇರುವುದು ಸೆಕೆಂಡಿನ ಹತ್ತು ಸಾವಿರದಲ್ಲೊಂದೆರಡು ಭಾಗದಷ್ಟು ಹೊತ್ತು ಮಾತ್ರ. ಅನುಭವಕ್ಕೆ ಅದು ಮೊಳಕೈ ಗೋಡೆಗೆ ತಗುಲಿದಾಗ ಜುಂ ಎನ್ನುವುದಲ್ಲ, ಅಂತಹುದು, ಹಿತವಲ್ಲ, ಸಹ್ಯ. ಆಮೇಲೆ ಮೊಳಕೈಯ ಮಡಿಕೆಯಲ್ಲಿ ಹಾಗೆಯೇ. ಬಳಿಕ ಬೆರಳುಗಳಿಗೆ ಉಂಗುರದಂತಹ ತಂತಿಗಳನ್ನು ತೊಡಿಸಿ ಹಾಗೆಯೇ. ಎರಡು ಕೈಗಳಿಗೂ ಸೇರಿ ಅರ್ಧ ಗಂಟೆಯ ಮೇಲೆ ಸ್ವಲ್ಪ ಹಿಡಿಯಿತು. ಹೊರಬಂದ ಮೇಲೆ ಅತ್ತಿಗೆಯವರು, "ಕರೆಂಟಿಗಿಂತ ಆ ಕೋಣೆಯ ಚಳಿಯೇ ಜಾಸ್ತಿಯಾಯಿತು" ಎಂದರು. ಈ ಚಳಿಯ ಮಾತು ಮುಖ್ಯವಾದುದು; ಅದಕ್ಕೆ ಆಮೇಲೆ ಬರುವೆವು.

ಈಗ ಲೆಕ್ಕ. ಹಳೆಯ ಅಭ್ಯಾಸದಂತೆ ಒಂದು ಉದಾಹರಣೆಯನ್ನೇ ಹಾಕಿ ತೋರಿಸುವೆವು. ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಆರೋಗ್ಯವುಳ್ಳ ಕೈಯೊಂದರಲ್ಲಿ ಮಣಿಕಟ್ಟಿನಲ್ಲಿ ಪ್ರಚೋದಿಸಿದ ೩.೪ ಮಿಲಿಸೆಕೆಂಡಿಗೆ ಹೆಬ್ಬೆರಳಿನ ಮಾಂಸ ಮಿಡುಕಿತೆಂದೂ, ಮೊಳಕೈಯಲ್ಲಿ ಪ್ರಚೋದಿಸಿದಾಗ ೭.೪ ಮಿಲಿಸೆಕೆಂಡಿಗೆ ಮಿಡುಕಿತೆಂದೂ ಇಟ್ಟುಕೊಳ್ಳೋಣ. ವ್ಯತ್ಯಾಸ ೪. ಮೊಳಕೈಯಿಂದ ಮಣಿಕಟ್ಟಿಗೆ ಅಳತೆಪಟ್ಟಿಯಿಟ್ಟು ನೋಡಿದರೆ ೨೨೦ ಮಿಲಿಮೀಟರ್. ಭಾಗಿಸಿದರೆ ೫೫, ಎಂದರೆ ಮುಂಗೈಯಲ್ಲಿ ನರದ ವೇಗ ಸೆಕೆಂಡಿಗೆ ೫೫ ಮೀಟರ್. ಇದು ಸರಿಯಾದ ವೇಗ. ಸುಮಾರು ಐವತ್ತರ ಮೇಲಿದ್ದರೆ ವೈದ್ಯರಿಗೆ ಸಮಾಧಾನ. ಇನ್ನು ಬೇನೆಯ ಕೈ. ಅಲ್ಲಿ ಮಣಿಕಟ್ಟಿನಿಂದ ೬ ಮಿಲಿಸೆಕೆಂಡ್, ಮೊಳಕೈಯಿಂದ ೧೦.೨. ವ್ಯತ್ಯಾಸ ೪.೨, ಅದೇ ೨೨೦ನ್ನು ಭಾಗಿಸಿದರೆ ೫೨ರ ಮೇಲೆ. ಮುಂಗೈಯಲ್ಲಿ ನರ ಚೆನ್ನಾಗಿಯೇ ಓಡುತ್ತಿದೆ! ಹಾಗಾದರೆ ತಡವೆಲ್ಲಿ? ಮಣಿಕಟ್ಟಿನಿಂದ ಮುಂದಣ ಏಳೆಂಟು ಸೆಂಟಿಮೀಟರಿನಲ್ಲಿ, ಸುರಂಗದಲ್ಲಿಯೇ. ಸಾಮಾನ್ಯವಾಗಿ ಈ ಕೊನೆಯ ಭಾಗಕ್ಕೆ ೪.೨ ಅಥವಾ ೪.೪ ಮಿಲಿಸೆಕೆಂಡನ್ನು ಮೇರೆಯಾಗಿಡುವರು. ಒಂದೊಂದು ಪ್ರಯೋಗಶಾಲೆಯ ಮೇರೆಯೂ ತುಸು ಹೆಚ್ಚುಕಡಮೆ. ಕೈಯನ್ನು ಕೊಯ್ಯದೆಯೇ ಒತ್ತಡದ ಸ್ಥಳವನ್ನು ಬೆರಳಿಟ್ಟು ತೋರಿಸುವ ಈ ವ್ಯವಕಲನಕ್ಕೆ ನಾವು ತಲೆದೂಗದಿರಲಾರೆವು.

ಕಾಲವೊಂದೇ ಸಾಲದು, ಗುಡ್ಡದ ಎತ್ತರವನ್ನೂ ನೋಡಬೇಕು. ಹಿಂದೆ ನಮ್ಮ ಸೀಮೆಯಲ್ಲಿ ಅಂಚೆಯವರು ಕಟ್ಟೆಯಿಂದ ಕಟ್ಟೆಗೆ ಓಡಿ ಓಲೆಯನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದಂತೆ, ನರತಂತುವಿನಲ್ಲಿ ಸಂದೇಶವು ಗೆಣ್ಣಿನಿಂದ ಗೆಣ್ಣಿಗೆ ನೆಗೆದು ಹೋಗುವುದು. ಗೆಣ್ಣುಗಳ ನಡುವೆ ತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುವುದರಿಂದಲೇ ಆ ನೆಗೆತ ಸಾಧ್ಯ. ಒತ್ತಡವು ಮೊದಲು ಕೆಡಿಸುವುದು ಈ ಹೊದಿಕೆಯನ್ನು. ಆಗ ಓಟಗಾರರೆಲ್ಲರೂ ಬರುವರು, ತಡವಾಗಿ ಬರುವರು. ಒತ್ತಡ ಮುಂದುವರಿದರೆ ತಂತುಗಳೇ ಸಾಯತೊಡಗುವುವು; ಆಗ ನೂರು ಮಂದಿ ಹೊರಟಲ್ಲಿ ಮೂವತ್ತು ಮಂದಿ ಮಾತ್ರ ಬಂದಂತಾಗಿ ತೆರೆಯ ಮೇಲಿನ ಗುಡ್ಡ ಕುಗ್ಗುವುದು. ತಡವು ದಾರಿಯ ದೋಷ, ಸರಿಪಡಿಸಬಹುದು. ಸತ್ತ ಓಟಗಾರನ ಸ್ಥಾನಕ್ಕೆ ಮತ್ತೊಬ್ಬನು ಬರುವುದು ನಿಧಾನ, ಬಾರದೆಯೂ ಇರಬಹುದು. ಮೊದಲು ಹೇಳಿದ ಆ "ನೋವು ಕಡಮೆಯಾಯಿತು" ಎಂಬ ಭ್ರಮೆಯ ಕೈಯಲ್ಲಿ ಯಂತ್ರವು ತೋರಿಸುವುದು ಈ ಕುಗ್ಗಿದ ಗುಡ್ಡವನ್ನೇ. ಕೆಲವರಲ್ಲಿ ಬೆರಳಿನ ಸ್ಪರ್ಶತರಂಗವು ಮೂಡುವುದೇ ಇಲ್ಲ.

ಇನ್ನೊಂದು ಜಾಣತನವು ಅನಾಮಿಕೆಯದು. ಹೆಸರಿಲ್ಲದವಳೆಂದು ನಮ್ಮವರು ಕರೆದ ಈ ಉಂಗುರಬೆರಳಿಗೆ ಒಡೆಯರು ಇಬ್ಬರು; ನಡುಬೆರಳಿನ ಕಡೆಯ ಅರ್ಧದ ಸ್ಪರ್ಶವು ಮೀಡಿಯನ್ ನರಕ್ಕೂ, ಕಿರುಬೆರಳಿನ ಕಡೆಯ ಅರ್ಧವು ಅಲ್ನಾರ್ ಎಂಬ ಬೇರೊಂದು ನರಕ್ಕೂ ಸಾಮಾನ್ಯವಾಗಿ ಸೇರಿರುವುವು. ಅಲ್ನಾರ್ ನರ ಸುರಂಗದೊಳಗೆ ಹೋಗುವುದಿಲ್ಲ. ಆದುದರಿಂದ ಒಂದೇ ಬೆರಳಿನಿಂದ ಒಂದೇ ದೂರಕ್ಕೆ ಎರಡು ನರಗಳ ಕಾಲವನ್ನೂ ಅಳೆದು ಹೋಲಿಸಬಹುದು. ವಯಸ್ಸು, ಮೈಕಟ್ಟು, ಹವೆ ಎಲ್ಲವೂ ಎರಡಕ್ಕೂ ಒಂದೇ ಆದುದರಿಂದ, ಅರ್ಧ ಮಿಲಿಸೆಕೆಂಡಿನಷ್ಟು ಅಂತರವಿದ್ದರೂ ಸುರಂಗದ ಮೇಲೆ ಸಂದೇಹ ಬಲವಾಗುವುದು. ಆರಂಭದ ಬೇನೆಯನ್ನು ಹಿಡಿಯಲು ಇಂತಹ ಹೋಲಿಕೆಗಳೇ ಮೇಲು. ಜೋಮು ಹಿಡಿದವರು ಮನೆಯಲ್ಲಿಯೇ ಒಂದು ರಾತ್ರಿ ಗಮನಿಸಬಹುದು: ಕಿರುಬೆರಳು ಚೆನ್ನಾಗಿದ್ದು, ಉಂಗುರಬೆರಳು ಅರ್ಧ ಮಾತ್ರ ಜೋಮಾಗಿದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಚಳಿಯ ವಿಷಯ. ಕೈ ತಣ್ಣಗಾದಂತೆ ನರದ ವೇಗವೂ ತಗ್ಗುವುದು. ಒಂದು ಡಿಗ್ರಿ ಸೆಂಟಿಗ್ರೇಡಿಗೆ ಸೆಕೆಂಡಿಗೆ ಸುಮಾರು ಎರಡು ಮೀಟರಿನಷ್ಟು. ಐದು ಡಿಗ್ರಿ ತಣ್ಣಗಿರುವ ಕೈಯಲ್ಲಿ, ಏನೂ ರೋಗವಿಲ್ಲದಿದ್ದರೂ, ಅಂಕಿಗಳು ರೋಗದಂತೆ ಕಂಡಾವು. ಅದಕ್ಕಾಗಿ ಚರ್ಮದ ಉಷ್ಣತೆ ೩೨ ಡಿಗ್ರಿಗೆ ಕಡಮೆಯಿರದಂತೆ ನೋಡಿಕೊಳ್ಳುವುದು ಪದ್ಧತಿ. ಅತ್ತಿಗೆಯವರ ಕೈಯನ್ನು ಆ ಹುಡುಗನು ಮೊದಲು ಮುಟ್ಟಿನೋಡಿ, ಬಿಸಿನೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಇಡಿಸಿದ ಮೇಲೆಯೇ ಕೆಲಸಕ್ಕೆ ತೊಡಗಿದನು. ಆತನ ಬಗ್ಗೆ ನಮಗೆ ಗೌರವ ಹುಟ್ಟಿದುದು ಆಗಲೇ. ತಣ್ಣನೆಯ ಕೋಣೆಯಲ್ಲಿ ತಣ್ಣನೆಯ ಕೈಯನ್ನು ಅವಸರದಲ್ಲಿ ಅಳೆದುಬಿಡುವುದನ್ನು ಕಂಡರೆ, "ಕೈ ತಣ್ಣಗಿದೆಯಲ್ಲಾ?" ಎಂದು ವಿನಯದಿಂದ ಕೇಳಲು ಸಂಕೋಚಬೇಡ. ಅಂತೆಯೇ ಪರೀಕ್ಷೆಯ ದಿನ ಕೈಗೆ ಕೊಬ್ಬರಿ ಎಣ್ಣೆಯನ್ನಾಗಲಿ ಮುಲಾಮನ್ನಾಗಲಿ ಹಚ್ಚಿಕೊಳ್ಳಬಾರದು. ಬಿಲ್ಲೆ ಅಂಟುವುದಿಲ್ಲ, ವಿದ್ಯುತ್ತೂ ಸರಿಯಾಗಿ ದಾಟುವುದಿಲ್ಲ. ಉಪವಾಸ ಬೇಕಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟಿರುವವರು ಮೊದಲೇ ತಿಳಿಸತಕ್ಕದ್ದು. ಕೆಲವು ಸಂದರ್ಭಗಳಲ್ಲಿ ಮಾಂಸಖಂಡಕ್ಕೆ ಸಣ್ಣ ಸೂಜಿಯನ್ನು ಚುಚ್ಚಿ ನೋಡುವ ಬೇರೊಂದು ಪರೀಕ್ಷೆಯೂ ಜೊತೆಗಿರುವುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಅದನ್ನೂ ಹೇಳಬೇಕು. ಎಲ್ಲರಿಗೂ ಆ ಸೂಜಿ ಬೇಕಾಗುವುದಿಲ್ಲ.

ಈ ಪರೀಕ್ಷೆಯ ಅತಿದೊಡ್ಡ ಉಪಕಾರವು ಬೇರೆ ರೋಗಗಳಿಂದ ಇದನ್ನು ಬಿಡಿಸಿ ತೋರಿಸುವುದರಲ್ಲಿದೆ ಎಂದು ನಮಗೆ ತೋರುವುದು. ಕೈಜೋಮೆಂದೊಡನೆ ಈಗ "ಸರ್ವೈಕಲ್" ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಐವತ್ತು ದಾಟಿದ ಯಾರ ಕತ್ತಿನ ಚಿತ್ರ ತೆಗೆದರೂ ಎಲುಬು ಸವೆದಿರುವುದು ಕಾಣುವುದು. ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ತಿರುಗಿದವರ ನರ ಒತ್ತಿದ್ದುದು ಮಣಿಕಟ್ಟಿನಲ್ಲಿ ಎಂಬುದು ಆಮೇಲೆ ತಿಳಿದ ನಿದರ್ಶನಗಳುಂಟು. ಇದರ ವಿಪರೀತವೂ ಉಂಟು: ಕತ್ತಿನಲ್ಲಿ ನರದ ಬೇರು ಒತ್ತಿಹೋಗಿರುವಾಗ ಮಣಿಕಟ್ಟನ್ನು ಕೊಯ್ದರೆ ಫಲವೇನು? ಪರೀಕ್ಷೆ ಇದನ್ನು ಹೇಗೆ ಬಿಡಿಸುವುದೆಂದರೆ: ಸ್ಪರ್ಶತಂತುಗಳ ಜೀವಕೋಶಗಳು ಬೆನ್ನುಹುರಿಯ ಹೊರಗೆ, ಬೆನ್ನೆಲುಬಿನ ಪಕ್ಕದಲ್ಲಿ, ಒಂದು ಗಂಟಿನೊಳಗಿವೆ. ಕತ್ತಿನ ಒತ್ತಡ ಸಾಮಾನ್ಯವಾಗಿ ಆ ಗಂಟಿಗಿಂತ ಒಳಗಡೆ ಬೀಳುವುದು. ಆದುದರಿಂದ ಗಂಟಿನಿಂದ ಬೆರಳಿನವರೆಗಣ ತಂತು ಜೀವಂತವಾಗಿಯೇ ಇದ್ದು, ರೋಗಿಗೆ ಬೆರಳು ಜೋಮಾಗಿದ್ದರೂ ಯಂತ್ರಕ್ಕೆ ಬೆರಳಿನ ತರಂಗ ಸರಿಯಾಗಿಯೇ ಕಾಣುವುದು. ಮಣಿಕಟ್ಟಿನ ಬೇನೆಯಲ್ಲಾದರೋ ಮೊದಲು ಕೆಡುವುದೇ ಆ ತರಂಗ. ಸಕ್ಕರೆ ಕಾಯಿಲೆಯಿಂದ ನರಗಳು ಕೆಟ್ಟವರಲ್ಲಿ ಮೀಡಿಯನ್ ಮಾತ್ರವಲ್ಲದೆ ಅಲ್ನಾರ್ ನರವೂ, ಕಾಲಿನ ನರಗಳೂ ನಿಧಾನವಾಗಿರುವುವು. ಅಂತಹವರಿಗೆ ಎರಡು ಬೇನೆಗಳೂ ಒಟ್ಟಿಗೆ ಇರಬಹುದಾದುದರಿಂದ, ಕಾಲನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರೆ ಹಣ ಸುಲಿಯುವರೆಂದು ಸಂಶಯಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ, ನರರೋಗ ವಿಭಾಗವಿರುವ ಇತರ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆಗಳು ನಡೆಯುತ್ತಿವೆ.

ಆದರೆ ಯಂತ್ರದ ಕಾಗದವೇ ವೇದವಾಕ್ಯವಲ್ಲ. ಯಂತ್ರವು ಅಳೆಯುವುದು ದಪ್ಪನಾದ, ವೇಗವಾಗಿ ಓಡುವ ತಂತುಗಳನ್ನು ಮಾತ್ರ; ನೋವನ್ನು ಒಯ್ಯುವ ಸಣ್ಣ ತಂತುಗಳು ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಆದುದರಿಂದ ಬೇನೆಯ ಆರಂಭದಲ್ಲಿ, ಲಕ್ಷಣಗಳೆಲ್ಲವೂ ಸ್ಪಷ್ಟವಾಗಿದ್ದರೂ, ಅಂಕಿಗಳು ಸರಿಯಾಗಿಯೇ ಬರುವುದುಂಟು. "ರಿಪೋರ್ಟ್ ನಾರ್ಮಲ್, ನಿನಗೇನೂ ಇಲ್ಲ" ಎಂದು ಮನೆಯವರು ಆಕೆಯ ಬಾಯಿಮುಚ್ಚಿಸುವುದು ಅನ್ಯಾಯ. ಇದಕ್ಕೆ ಎದುರಾಗಿ, ಲಕ್ಷಣವೇ ಇಲ್ಲದವರಲ್ಲಿಯೂ ತಡ ಕಾಣುವುದುಂಟು. ದಕ್ಷಿಣ ಸ್ವೀಡನ್ನಿನಲ್ಲಿ ಅಟ್ರೋಶಿ ಮತ್ತು ಸಂಗಡಿಗರು ಊರವರನ್ನೇ ಆರಿಸಿ ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿಯಂತೆ, ನೂರರಲ್ಲಿ ೧೪ ಮಂದಿಗೆ ಕೈಯಲ್ಲಿ ಮೀಡಿಯನ್ ನರದ ಭಾಗಕ್ಕೆ ಜೋಮೋ ನೋವೋ ಇದ್ದಿತು. ವೈದ್ಯರ ನೋಟವೂ ಯಂತ್ರದ ಅಂಕಿಯೂ ಎರಡೂ ಕೂಡಿ ರೋಗವೆಂದು ನಿರ್ಧಾರವಾದುದು ನೂರಕ್ಕೆ ೨.೭ರಷ್ಟು ಮಾತ್ರ. ಜೋಮೇ ಇಲ್ಲದವರನ್ನು ಹೋಲಿಕೆಗಾಗಿ ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೧೮ ಮಂದಿಯ ಅಂಕಿಗಳು ಮೇರೆಯನ್ನು ಮೀರಿದ್ದುವು. ನಮ್ಮ ಅತ್ತಿಗೆಯವರಿಗೂ ಹಾಗೆಯೇ ಆಯಿತು: ಜೋಮಿದ್ದ ಬಲಗೈಯಲ್ಲಿ ಸ್ಪರ್ಶದ ತಡವು ಹೆಚ್ಚು, ಚಾಲಕದ ತಡವು ಕಡಮೆ, ಗುಡ್ಡದ ಎತ್ತರ ಸರಿಯಾಗಿದ್ದಿತು, ಏನೂ ತೊಂದರೆಯಿಲ್ಲದ ಎಡಗೈಯಲ್ಲಿಯೂ ತುಸು ತಡ. "ಎಡಗೈ ಸುಮ್ಮನಿರುವಾಗ ನಾವೇಕೆ ಅದನ್ನು ಮಾತನಾಡಿಸಬೇಕಮ್ಮಾ" ಎಂದರು ವೈದ್ಯರು. ರೋಗಿಯ ಮಾತು ಮೊದಲು, ವೈದ್ಯರ ಕೈ ಅನಂತರ, ಯಂತ್ರ ಆಮೇಲೆ. ಈ ಕ್ರಮವನ್ನು ತಪ್ಪಿಸಿ, ಕಾಗದವನ್ನು ಮಾತ್ರ ನೋಡಿ ಶಸ್ತ್ರವೆತ್ತುವವರಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಲೇಸು.

ಚಿಕಿತ್ಸೆಯ ದಾರಿಯನ್ನು ಅಂಕಿಗಳು ಬಹುಮಟ್ಟಿಗೆ ತೋರಿಸಿಕೊಡುವುವು. ಸ್ಪರ್ಶದ ತಡ ಮಾತ್ರವಿದ್ದರೆ ಸೌಮ್ಯವೆಂದೂ, ಚಾಲಕದ ತಡವೂ ಕೂಡಿದರೆ ಮಧ್ಯಮವೆಂದೂ, ತರಂಗವೇ ಇಲ್ಲವಾದರೆ ಅಥವಾ ಮಾಂಸದ ಗುಡ್ಡ ಕುಗ್ಗಿದರೆ ತೀವ್ರವೆಂದೂ ಸಾಮಾನ್ಯವಾಗಿ ಹೇಳುವರು. ಸೌಮ್ಯದಲ್ಲಿ ರಾತ್ರಿ ಮಲಗುವಾಗ ಮಣಿಕಟ್ಟನ್ನು ನೇರವಾಗಿ ನಿಲ್ಲಿಸುವ ಪಟ್ಟಿಯನ್ನು ಕೆಲವು ವಾರಗಳ ಕಾಲ ಧರಿಸಿದರೆ ಅನೇಕರಿಗೆ ಶಮನವಾಗುವುದು. ಅತ್ತಿಗೆಯವರಿಗೆ ವಿಧಿಸಿದುದೂ ಇದನ್ನೇ. ಸುರಂಗದ ಬಳಿ ಸ್ಟೀರಾಯ್ಡ್ ಸೂಜಿಮದ್ದು ಕೆಲವು ತಿಂಗಳ ನೆಮ್ಮದಿಯನ್ನು ಕೊಡಬಲ್ಲದು. ತೀವ್ರವಾದುದಕ್ಕೆ ಬಂಧನಿಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ. ಕೈಯನ್ನು ಮಾತ್ರ ಮರಗಟ್ಟಿಸಿ ಮಾಡುವುದರಿಂದ ಬಹುಮಂದಿ ಆ ದಿನವೇ ಮನೆಗೆ ಮರಳುವರು. ಬಸುರಿಯರಿಗೆ ಬರುವ ಜೋಮು ಬಹುಪಾಲು ಹೆರಿಗೆಯಾದ ಮೇಲೆ ತಗ್ಗುವುದರಿಂದ ಅವರ ವಿಷಯದಲ್ಲಿ ಅವಸರ ಸಲ್ಲದು. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಮೆಯಾಗಿರುವುದು, ಸಕ್ಕರೆ ಕಾಯಿಲೆ, ಕೀಲುವಾತ ಇವುಗಳೂ ಈ ಬೇನೆಗೆ ಕಾರಣಗಳಾಗುವುದರಿಂದ ರಕ್ತಪರೀಕ್ಷೆಯನ್ನೂ ಜೊತೆಗೆ ಮಾಡಿಸುವುದುಂಟು.

ಶಸ್ತ್ರಚಿಕಿತ್ಸೆಯಾಗಿ ಜೋಮೆಲ್ಲವೂ ಹೋದ ಬಳಿಕವೂ ಅಂಕಿಗಳು ಪೂರ್ಣವಾಗಿ ಮೊದಲಿನಂತಾಗದೆ ಉಳಿಯುವುದು ಸಾಮಾನ್ಯ. ಕೈ ಚೆನ್ನಾಗಿರುವಾಗ ಆ ಅಂಕಿಗಳಿಗಾಗಿ ಕೊರಗಬೇಕಾಗಿಲ್ಲ. ಆದರೆ ವರ್ಷಗಳ ಮೇಲೆ ಜೋಮು ಮರುಕಳಿಸಿದರೆ, ಈಗಿನ ತಡ ಹೊಸತೇ ಹಳೆಯದೇ ಎಂದು ತಿಳಿಯಲು ಮೊದಲಿನ ವರದಿಯೇ ಬೇಕಾಗುವುದು. ಈ ಕಾಗದಗಳಲ್ಲಿ ಕೆಲವು, ಕಾವಿಗೆ ಮಸಿ ಮಾಸುವ ಹಾಳೆಯ ಮೇಲೆ ಮುದ್ರಿತವಾಗಿರುತ್ತವೆ. ಅದರ ಪ್ರತಿಯೊಂದನ್ನು ತೆಗೆಸಿ, ಯಾವ ಕೈ, ಯಾವ ದಿನ, ಎಷ್ಟು ಉಷ್ಣತೆಯೆಂಬುದು ಕಾಣುವಂತೆ, ಮನೆಯ ಇತರ ದಸ್ತಾವೇಜುಗಳೊಂದಿಗೆ ಇಟ್ಟಿರಬೇಕು.